ಜೀಪಿನ ಕೆಂಪು ಗೆರೆಗಳು

ಬೂತಾಯಿ ಮೀನಿನ ಹೊಟ್ಟೆ ಬಿಡಿಸುತ್ತಾ ಕುಳಿತಿದ್ದೆ. ನಮ್ಮವರು ವರ್ಕ್‌ಶಾಪಿನಿಂದ ಲ್ಯಾಪ್‌ಟಾಪ್ ಹಿಡಿದುಕೊಂಡೇ ಅಡುಗೆಮನೆಗೆ ಬಂದರು.

“ರಾಮಕುಂಜದವರ ಜೀಪು ನಾಕ್ ಹೊಡೀತಾ ಉಂಟಂತೆ. ನಿಮ್ಮ ಪೆಟ್ಟಿಗೆ ಬೇಡ, ತೆಗ್ದು ಕೊಂಡೋಗಿ ಅಂತ ಹೇಳಿದ್ರು.”

ಗಲ್ಫಿನಿಂದ ಬಂದು ಪುತ್ತೂರಿನಲ್ಲಿ ಮನೆಯ ಪಕ್ಕವೇ ವರ್ಕ್‌ಶಾಪು ಹಾಕಿದ ಮೇಲೆ, ಇವರು ಇಂಜಿನ್ ನಡೆಸುವ ಹೊರಗಿನ ಕಂಟ್ರೋಲರ್ ಪೆಟ್ಟಿಗೆ ಕೂರಿಸಿದ ಮೊದಲ ಗಾಡಿ ಅದು. ಹಳೆಯ ಪೆಟ್ರೋಲ್ ಜೀಪು. ಕಿಡಿ ಯಾವಾಗ ಹಾರಬೇಕೆಂದು ಆ ಪೆಟ್ಟಿಗೆಗೆ ಹೇಳಿಕೊಟ್ಟವರು ಇವರೇ. ಹೊತ್ತಲ್ಲದ ಹೊತ್ತಿಗೆ ಪೆಟ್ರೋಲ್ ಹೊತ್ತಿಕೊಂಡರೆ ಇಂಜಿನಿನೊಳಗೆ ಪೆಟ್ಟು ಬೀಳುತ್ತದಂತೆ, ಅದೇ ನಾಕ್, ಪಿಸ್ಟನ್ ತೂತಾಗುವವರೆಗೂ ಹೋಗಬಹುದಂತೆ. ಆ ಪೆಟ್ಟನ್ನು ಕೇಳಲು ಇಂಜಿನಿನ ಮೈಗೆ ಒಂದು ಸೆನ್ಸರ್ ಬಿಗಿದಿರುತ್ತಾರೆ. ಅದು ಕೇಳಿದ್ದನ್ನೆಲ್ಲ ಪೆಟ್ಟಿಗೆ ಗೆರೆಯಾಗಿ ಬರೆದಿಡುತ್ತದೆ. ಜೀಪಿನವರು ಫೋನಿನಲ್ಲಿ ಕಳಿಸಿದ್ದು ಒಂದು ಕಡೆ ಹೋಗಿ ಬಂದ ದಾರಿಯ ಆ ಗೆರೆಯನ್ನೇ. ಈ ಪೆಟ್ಟಿಗೆ ವಾಪಸು ಬಂದರೆ ಎರಡನೆಯ ಗಾಡಿ ಬರುವುದಿಲ್ಲ ಎಂದು ನನಗೂ ಗೊತ್ತಿತ್ತು.

ಇವರಿಗೆ ಕೂರಲಾಗುತ್ತಿಲ್ಲ. ಬಾವಿಕಟ್ಟೆಯವರೆಗೆ ಹೋಗುತ್ತಾರೆ, ಬರುತ್ತಾರೆ. “ಸೆನ್ಸರಿನ ಬೋಲ್ಟ್ ಲೂಸ್ ಆಗಿರ್ಬಹುದು,” ಎನ್ನುತ್ತಾರೆ. ಮರುಕ್ಷಣ, “ಅಲ್ಲ, ಲೂಸ್ ಆದ್ರೆ ಇಳಿಜಾರಲ್ಲೂ ತೋರಿಸ್ಬೇಕಿತ್ತು. ಇದು ಏರಿನಲ್ಲಿ ಮಾತ್ರ. ನಿಜವಾದ ನಾಕೇ.”

“ಹಾಗಾದ್ರೆ ನೀವು ಇಟ್ಟ ಲೆಕ್ಕವೇ ತಪ್ಪಾ?”

“ಹೌದು, ನಾಳೆಯಿಂದ ನೀನೇ ಟ್ಯೂನಿಂಗ್ ಮಾಡು. ನಾನು ಮೀನು ಮಾಡ್ತೇನೆ.”

ಸಿಟ್ಟಾದರೂ ಬಾಯಿಬಿಟ್ಟು ಮಾತಾಡಿದರಲ್ಲ, ಅಷ್ಟಕ್ಕೆ ಅಲ್‌ಹಮ್ದುಲಿಲ್ಲಾ. ಇವರು ಸುಮ್ಮನೆ ಕೂತರೆ ಮನೆಯಲ್ಲಿ ಯಾರಿಗೂ ಅನ್ನ ಇಳಿಯುವುದಿಲ್ಲ.

ಮತ್ತೆ ಪರದೆಗೆ ಬಗ್ಗಿದವರು ಅಲ್ಲಿಯೇ ನಿಂತರು. ಮೊದಲರ್ಧ ಗೆರೆ ಸಪಾಟಾಗಿತ್ತು. ನಡುವೆ ಜೀಪಿನ ವೇಗ ಸೊನ್ನೆಗೆ ಇಳಿದಿತ್ತು. ಅಲ್ಲಿಂದ ಮುಂದೆ ಪ್ರತಿ ಏರಿಗೂ ಕೆಂಪು ಮುಳ್ಳು.

“ಹೋಗುವಾಗಲೂ ಏರು ಉಂಟಲ್ಲ ಮಾರಾಯ್ತಿ. ನಿಂತಲ್ಲಿ ಎಂತ ಮಾಡಿದ್ರು ಜೀಪಿನವರು?” ಎಂದು ಅವರಿಗೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು.

“ಕೊಲ್ಲಮೊಗ್ರಿನಲ್ಲಿ ತಂಗಿ ಮನೆ ಮಾರಾಯ್ರೆ, ಊಟ ಮಾಡಿದ್ದು. ನನ್ನ ಊಟಕ್ಕೂ ನಿಮ್ಮ ಇಂಜಿನಿಗೂ ಎಂತ ಸಂಬಂಧ?”

“ಪೆಟ್ರೋಲ್ ಹಾಕಿದ್ರಾ?”

“ಕಡಿಮೆ ಇತ್ತು. ಭಾವ ಒಂದು ಕ್ಯಾನು ಸುರಿದ್ರು. ಒಳ್ಳೆ ಪೆಟ್ರೋಲೇ, ಹುಲ್ಲು ಕತ್ತರಿಸುವ ಮೆಷಿನಿಗೆ ತಂದಿಟ್ಟದ್ದು.”

“ಆಯಿಲ್ ಬೆರೆಸಿದ್ದಾ?”

“ಬೆರೆಸಿಯೇ ಇಡುದಲ್ವಾ, ಆ ಮೆಷಿನಿಗೆ...”

“ಆ ಆಯಿಲ್ ಸೇರಿದ್ರೆ ಪೆಟ್ರೋಲ್ ಕಿಡಿ ಹಾರುವವರೆಗೆ ತಡೀದಿಲ್ಲ, ತನ್ನಷ್ಟಕ್ಕೆ ಹೊತ್ತಿಕೊಳ್ತದೆ. ಭಾವನಿಗೆ ಹೇಳಿ, ನಿಮ್ಮ ಜೀಪು ಹುಲ್ಲು ಕತ್ತರಿಸುದಿಲ್ಲ ಅಂತ!”

ಅವರು ನಕ್ಕರು. ಇವರು ನಗಲಿಲ್ಲ. ಪೆಟ್ಟು ಯಾಕೆ ಬಿತ್ತೆಂದು ಗೆರೆಯಿಂದ ತಿಳಿಯಿತು, ಒಳಗೆ ಗಾಯವಾಗಿದೆಯೋ ಇಲ್ಲವೋ ಎಂದು ತಿಳಿಯಲಿಲ್ಲ. “ಸ್ಟಾರ್ಟ್ ಮಾಡ್ಬೇಡಿ, ನಾನೇ ಬರ್ತೇನೆ,” ಎಂದು ಊಟವನ್ನೂ ಮಾಡದೆ ಹೊರಟುಹೋದರು.

ಸಂಜೆಯ ಅಸರ್ ನಮಾಝ್ ಮುಗಿಸುವಷ್ಟರಲ್ಲಿ ಫೋನು ಬಂತು.

“ಕಂಪ್ರೆಶನ್ ನಾಲ್ಕು ಸಿಲಿಂಡರಿನಲ್ಲೂ ಸರಿ ಉಂಟು, ಪಿಸ್ಟನಿಗೆ ಎಂತ ಆಗ್ಲಿಲ್ಲ. ಟ್ಯಾಂಕ್ ಖಾಲಿ ಮಾಡಿದೆ. ಇನ್ನು ಹೊಸ ಪೆಟ್ರೋಲ್ ಹಾಕಿ ಏರು ಹತ್ತಿಸಿ ನೋಡ್ಬೇಕು, ಮುಳ್ಳು ಬರದಿದ್ರೆ ಆಯ್ತು.”

“ಪೆಟ್ಟಿಗೆ?”

“ಸದ್ಯಕ್ಕೆ ಇರ್ಲಿ ಅಂತ ಹೇಳಿದ್ರು.”

ಸದ್ಯಕ್ಕೆ ಎಂಬುದೂ ಅಲ್ಲಾಹನ ಒಂದು ಸಣ್ಣ ದಯೆಯೇ. ಆದರೂ ನಮಾಝಿನ ಚಾಪೆ ಮಡಚುವಾಗ ಮನಸ್ಸು ಆ ಏರಿನಲ್ಲೇ ಇತ್ತು. ಬಿಸಿಲು ಇಳಿಯುತ್ತಿತ್ತು, ಅಂಗಳದ ಬಟ್ಟೆ ತೆಗೆಯಲು ಹೋದೆ.