ಗಬ್ಬದ ಕುದುರೆ ಮತ್ತು ಹಸಿದ ಕೌದಿ

ಆ ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಕೂತು ಕೌದಿ ಹೊಲಿಯುತ್ತಿದ್ದೆ. ಯುದ್ಧದ ಕಾಲ. ಅಂಗಡಿಗೆ ಹೋಗಿ ಒಂದು ಮೊಳ ಬಟ್ಟೆ ಕೇಳಿದರೆ ಅಂಗಡಿಯವರು ಏನೋ ಬಂಗಾರ ಬೇಡಿದವರನ್ನು ನೋಡಿದಂತೆ ನೋಡುತ್ತಿದ್ದರು. ನನ್ನ ಕೈಯಲ್ಲಿದ್ದದ್ದು ತೀರಿಹೋದ ನನ್ನವ್ವನ ಎರಡು ಹಳೆಯ ಇಳಕಲ್ಲ ಸೀರೆಗಳು. ಉಟ್ಟು ಉಟ್ಟು ಜಾಳಾಗಿದ್ದವು, ಆದರೆ ಮೆತ್ತಗೆಂದರೆ ಅಷ್ಟು ಮೆತ್ತಗೆ. ನಾನಾಗ ತುಂಬಿದ ಬಸುರಿ. ಅವ್ವ ಇಲ್ಲದ ತವರಿಗೆ ಬಾಣಂತನಕ್ಕೆ ಹೋಗುವ ಮಾತೇ ಇರಲಿಲ್ಲ. ಹುಟ್ಟುವ ಕೂಸು ಅಜ್ಜಿಯ ತೊಡೆ ಕಾಣದಿದ್ದರೂ ಅಜ್ಜಿಯ ಸೀರೆಯ ಮೇಲಾದರೂ ಮಲಗಲಿ ಎಂದು ಶಿವನನ್ನು ನೆನೆಯುತ್ತ ಒಂದೊಂದೇ ಹೊಲಿಗೆ ಹಾಕುತ್ತಿದ್ದೆ.

ಆಗ ನಮ್ಮವರು ಓಡಿ ಬಂದರು. ರುಮಾಲು ಹೆಗಲಿಗೆ ಜಾರಿತ್ತು.

"ಯವ್ವಾ, ಅಪ್ಪ ಬಂದಾನ. ಕುದುರಿ ತಂದಾನ."

ಅತ್ತೆ ಜೋಳ ಹಸನು ಮಾಡುತ್ತಿದ್ದರು. ಮೊರ ಕೆಳಗಿಡದೆಯೇ ಕೇಳಿದರು. "ಯಾರ ಕುದುರಿ?"

"ಹನುಮಸಾಗರದ ಸಾವಕಾರ್ರದು. ಗಬ್ಬ ಐತಿ. ಅವರು ಕಾಶಿಗೆ ಹೊಂಟಾರಂತ. ಮರಿ ಹಾಕೂತನಕ ನಮ್ಮನ್ಯಾಗ ಇರ್ಲಿ ಅಂತ ಅಪ್ಪ ತಾನಾಗೇ ಕೇಳಿ ಹಿಡಕೊಂಡು ಬಂದಾನ."

"ಛಲೋ ಆತು," ಎಂದರು ಅತ್ತೆ. "ಅವರು ಕಾಶಿಗೆ ಹೋಗಿ ಪುಣ್ಯ ತರ್ಲಿ. ನಾವು ಇಲ್ಲೇ ಕುಂತು ಲದ್ದಿ ಬಳಿಯೂಣು."

ನಮ್ಮ ಊರು ಇರಕಲ್ಲಗಡದ ಹತ್ತಿರ. ಮನೆತನ ಎತ್ತಿನದು. ನಮ್ಮ ಮಾವನವರು ಹುಟ್ಟಿದಾಗಿನಿಂದ ಎತ್ತು ಕಟ್ಟಿದವರು, ಎತ್ತು ಮಾರಿದವರು, ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವವರು. ಕುದುರೆಯನ್ನು ಅವರು ಕಂಡದ್ದು ತಾಲೂಕಿನ ಸಾಹೇಬರು ಸವಾರಿ ಬಂದಾಗ ಮಾತ್ರ, ಅದೂ ತಲೆ ಬಗ್ಗಿಸಿ ನಿಂತಿರುತ್ತಿದ್ದುದರಿಂದ ಕಾಲಷ್ಟೇ ಕಂಡಿರಬೇಕು. ಆದರೂ ಸಾವಕಾರರಿಗೆ ಮಾತು ಕೊಟ್ಟು ಬಂದಿದ್ದರು. "ನಿಮ್ಮ ಕುದುರಿನ ನನ್ನ ಮಗಳಂಗ ನೋಡ್ಕೊತೀನಿ." ಈ ಮಾತಿನ ಅರ್ಥವೇನೆಂದು ನನ್ನ ನಾದಿನಿಯರಿಬ್ಬರನ್ನು ಕೇಳಿದ್ದರೆ ಆ ಕುದುರೆ ಹನುಮಸಾಗರದಲ್ಲೇ ಗೂಟ ಕಿತ್ತುಕೊಂಡು ಓಡುತ್ತಿತ್ತು.

ಬಿಳಿಯ ಕುದುರೆ. ಹೊಟ್ಟೆ ನನ್ನ ಹೊಟ್ಟೆಯಂತೆಯೇ ಎರಡೂ ಕಡೆ ಉಬ್ಬಿತ್ತು. ಅದನ್ನು ನೋಡಿದೊಡನೆ ನನಗೆ ನಗು ಬಂತು, ಅದಕ್ಕೂ ಬಂದಿರಬಹುದು.

ಎತ್ತುಗಳನ್ನು ಸರಿಸಿ ಕೊಟ್ಟಿಗೆಯ ಒಳ್ಳೆಯ ಮೂಲೆಯಲ್ಲಿ ಕಟ್ಟಿದರು. ಕೆಳಗೆ ಹಾಸುಗಲ್ಲು. ಏನಾದರೂ ಹಾಸಬೇಕಲ್ಲ ಎಂದು ಅತ್ತೆ ಕೇಳಿದ್ದಕ್ಕೆ ಮಾವ ನಕ್ಕುಬಿಟ್ಟರು. "ಹುಚ್ಚಿ, ಕುದುರಿ ನಿಂತಕೊಂಡೇ ನಿದ್ದಿ ಮಾಡ್ತೈತಿ. ಜಗತ್ತಿಗೇ ಗೊತ್ತೈತಿ." ಜಗತ್ತಿಗೆ ಗೊತ್ತಿದ್ದದ್ದು ಕುದುರೆಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಅದರ ಮೊಣಕಾಲು ತರಚಿ ರಕ್ತ ಕಾಣಿಸುತ್ತಿತ್ತು. ರಾತ್ರಿ ಅದು ಮಲಗಿತ್ತು, ಏಳುವಾಗ ಕಲ್ಲಿನ ಮೇಲೆ ಜಾರಿತ್ತು.

ಮಾವನವರ ಮುಖ ಇಳಿದುಹೋಯಿತು. ಇನ್ನು ಕೆಲವು ದಿನಗಳಲ್ಲಿ ಅದು ಮರಿ ಹಾಕಬೇಕು, ಮರಿ ಈ ಕಲ್ಲಿನ ಮೇಲೆ ಬಿದ್ದರೆ? ಸಾವಕಾರರಿಗೆ ಯಾವ ಮುಖ ತೋರಿಸುವುದು? ಊರ ಹಿರಿಯರನ್ನು ಕರೆಸಿದರು. ಹಾಸಿಗೆಯ ವಿಚಾರ ಶುರುವಾಯಿತು. ನಾನಾದರೂ ಅದೇ ಕಲ್ಲಿನಂಥ ಕಲ್ಲಿನ ಮೇಲೆ ಒಂದು ಹರಿದ ಚಾಪೆ ಹಾಸಿಕೊಂಡು, ಈ ಮಗ್ಗುಲಿಂದ ಆ ಮಗ್ಗುಲಿಗೆ ಹೊರಳಲು ಗೋಡೆ ಹಿಡಿಯುತ್ತಿದ್ದೆ. ನನಗಾಗಿ ಯಾರೂ ಹಿರಿಯರನ್ನು ಕರೆಸಲಿಲ್ಲ. ಇರಲಿ, ಚಾಪೆಯಾದರೂ ಇತ್ತು. ಶಿವ ದೊಡ್ಡವನು.

ನಮ್ಮ ಕಡೆಯ ಪದ್ಧತಿ ಎಂದರೆ ಎತ್ತಿಗೆ ಗೋದಲಿಯಲ್ಲಿ ಹೊಸ ಮೇವು ಹಾಕುವುದು, ತಿಂದು ಬಿಟ್ಟ ಜೋಳದ ದಂಟನ್ನು ಕಾಲ ಕೆಳಗೆ ತಳ್ಳುವುದು. ಅದರ ಮೇಲೆಯೇ ಎತ್ತು ಮಲಗುತ್ತವೆ. ಇದನ್ನೇ ಯಾರೋ ಹೇಳಿದರು. ಮಾವನವರಿಗೆ ಸಿಟ್ಟು ಬಂತು.

"ಎಂಜಲ ಹಾಸೂದೇನು? ಮನಿಗೆ ಬಂದ ಬೀಗರಿಗೆ ಎಂಜಲ ಎಲಿ ಹಾಕ್ತೀಯೇನು ನೀನು? ಹೊಸಾದು ಹಾಸ್ರಿ!"

ಹೊಚ್ಚ ಹೊಸ ಜೋಳದ ಕಣಕಿ, ಎಲೆ ಇನ್ನೂ ಒಣಗಿರದ ಮೇವು, ಮೊಣಕಾಲುದ್ದ ಹಾಸಿದರು. ಕುದುರೆ ಕೆಳಗೆ ನೋಡಿತು, ಮಾವನವರನ್ನು ನೋಡಿತು, ತಿನ್ನಲು ಶುರು ಮಾಡಿತು. ಬೆಳಗಾಗುವಷ್ಟರಲ್ಲಿ ಹಾಸಿಗೆ ಇರಲಿಲ್ಲ.

"ಹಾಸಿಗಿ ಉಂಡಾಳ," ಎಂದು ಅತ್ತೆ ವರದಿ ಮಾಡಿದರು. "ಇನ್ನೇನು, ಹೊದಿಕಿ ಕೇಳ್ತಾಳ."

ಆಮೇಲೆ ಮಾವನವರಿಗೆ ಗಂಗಾವತಿ ನೆನಪಾಯಿತು. ಅಲ್ಲಿ ಕಾಲುವೆಯ ಕೆಳಗೆ ನೆಲ್ಲು ಬೆಳೆಯುತ್ತಾರೆ, ನೆಲ್ಲುಹುಲ್ಲು ಮೆತ್ತಗೆ, ನವಾಬರ ತಬೇಲಾದಲ್ಲೂ ಅದನ್ನೇ ಹಾಸುತ್ತಾರೆ ಎಂದರು. ನವಾಬರ ತಬೇಲಾವನ್ನು ಅವರು ಯಾವಾಗ ನೋಡಿದ್ದರೋ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬಂಡಿ ಕಟ್ಟಿದರು. ಹಬ್ಬಕ್ಕೊಮ್ಮೆ ಅನ್ನ ಕಾಣುವ ನಮ್ಮ ಮನೆಗೆ ಬಂಡಿ ತುಂಬ ನೆಲ್ಲುಹುಲ್ಲು ಬಂತು. ನಾವು ಹೆಂಗಸರು ಅದರ ವಾಸನೆ ತೆಗೆದುಕೊಂಡೆವು. ಕುದುರೆ ಅದನ್ನೂ ತಿಂದಿತು. ಅಷ್ಟೇ ಅಲ್ಲ, ತಿಂದು ಹೊಟ್ಟೆ ಉಬ್ಬಿಸಿಕೊಂಡು ನೆಲಕ್ಕೆ ಕಾಲು ಬಡಿಯತೊಡಗಿತು. ಅತ್ತೆ ಓಡಿಹೋಗಿ, ನನ್ನ ಬಾಣಂತನಕ್ಕೆಂದು ತೆಗೆದಿಟ್ಟಿದ್ದ ಓಮಕಾಳನ್ನು ಕುಟ್ಟಿ, ಇಂಗು ಕಲಸಿ, ಬಿದಿರಿನ ಗೊಟ್ಟವನ್ನು ಬಾಯಿಗಿಟ್ಟು ಕುಡಿಸಿದರು. ಕುದುರೆಗೆ ಆರಾಮಾಯಿತು. ನಾನು ಹೆತ್ತ ಮೇಲೆ ನನಗೆ ಓಮಕಾಳು ಎಲ್ಲಿಂದ ಬರುತ್ತದೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆದರೂ ಎರಡು ಜೀವದ ಪ್ರಾಣಿ ಉಳಿಯಿತಲ್ಲ ಎಂದು ದೇವರ ಮುಂದೆ ದೀಪ ಹಚ್ಚಿದೆ. ನಿಜವಾಗಿಯೂ ಹಚ್ಚಿದೆ. ಅದರ ಸಂಕಟ ನನಗೂ ತಿಳಿಯುತ್ತಿತ್ತು.

ಯಲಬುರ್ಗಿಯಿಂದ ಬಂದ ಬೀಗರೊಬ್ಬರು ಹಳ್ಳದ ಉಸುಕು ಹಾಸಿ ಎಂದರು. ಉಸುಕು ಹಾಸಿದರು. ಕುದುರೆ ಅದರಲ್ಲಿ ಹೊರಳಿ, ಎದ್ದು ಮೈ ಕೊಡವಿ, ಕೊಟ್ಟಿಗೆಯಲ್ಲಿದ್ದವರ ಕಣ್ಣಿಗೆಲ್ಲ ಉಸುಕು ತುಂಬಿತು. ಬೀಗರು ಮಧ್ಯಾಹ್ನದ ಊಟ ಮುಗಿಸಿದವರೇ ಊರಿಗೆ ಹೊರಟುಹೋದರು.

ಕಡೆಗೆ ನಮ್ಮವರನ್ನು ಕೊಪ್ಪಳಕ್ಕೆ ಕಳಿಸಿದರು. ಟೇಸನ್ನಿನ ಮುಂದೆ ಟಾಂಗಾ ನಿಲ್ಲಿಸುವವರನ್ನು ಕೇಳಿ ಬಾ, ಅವರಿಗಿಂತ ಕುದುರೆ ಬಲ್ಲವರು ಯಾರು ಎಂದು. ನಮ್ಮವರು ಹೋಗಿ ಕೇಳಿದ್ದಾರೆ, "ನಿಮ್ಮ ಕುದುರಿಗೆ ಏನ ಹಾಸ್ತೀರಿ?" ಒಬ್ಬ ಟಾಂಗಾದವನು ಬೀಡಿ ಬಾಯಿಂದ ತೆಗೆದು ಹೇಳಿದನಂತೆ, "ಹಾಸೂದಾ? ನಮ್ಮ ಹೆಂಡ್ರಿಗೇ ಹಾಸಿಗಿ ಇಲ್ರಿ ಸಾಹೇಬ್ರ." ಇದನ್ನು ಹೇಳಿ ನಮ್ಮವರು ನಕ್ಕರು. ನಾನು ನಗಲಿಲ್ಲ. ಅವರು ನನ್ನ ಚಾಪೆಯ ಕಡೆ ನೋಡಿ, ನಗುವುದನ್ನು ನಿಲ್ಲಿಸಿ, ಹೊರಗೆ ಹೋದರು. ಅಷ್ಟಾದರೂ ತಿಳಿಯಿತಲ್ಲ, ಅದೂ ಒಂದು ದಯೆಯೇ.

ಬರಿಗೈಯಲ್ಲಿ ಬರಬಾರದೆಂದು ಅವರು ಶೇಂಗಾ ಗಿರಣಿಯಿಂದ ಚೀಲ ಚೀಲ ಶೇಂಗಾ ಹೊಟ್ಟು ತಂದಿದ್ದರು. ಹೊಟ್ಟು ಹಾಸಿದ ಮೇಲೆ ಗಾಳಿ ಬಂತು. ನಮ್ಮ ಸೀಮೆಯ ಗಾಳಿಗೆ ಹೇಳಿ ಕಳಿಸಬೇಕಾಗಿಲ್ಲ. ಹೊಟ್ಟಿನ ಧೂಳು ಪಡಸಾಲೆಗೆ, ಅಡಿಗೆಮನೆಗೆ, ಕಡೆಗೆ ದೇವರ ಜಗಲಿಗೆ ಬಂತು. ಲಿಂಗಪೂಜೆಗೆ ಕೂತು ವಿಭೂತಿ ಹಚ್ಚಿಕೊಂಡರೆ ಹಣೆಯ ಮೇಲೆ ಶೇಂಗಾ ಸಿಪ್ಪೆ. ಕುದುರೆ ಕೆಮ್ಮಿತು, ಎತ್ತು ಕೆಮ್ಮಿದವು, ಮಾವ ಕೆಮ್ಮಿದರು. ಹೊಟ್ಟನ್ನೆಲ್ಲ ಬಳಿದು ತಿಪ್ಪೆಗೆ ಹಾಕಿದ ಮೇಲೆ ಕಲ್ಲು ಮತ್ತೆ ಕಲ್ಲಾಯಿತು.

ಅದೇ ದಿನ ಮಾವನವರ ಕಣ್ಣು ನನ್ನ ಕೌದಿಯ ಮೇಲೆ ಬಿತ್ತು.

ಮಾವನವರು ಸೊಸೆಯರ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ನಾನು ಬಾಗಿಲ ಮರೆಯಲ್ಲಿ ಸೆರಗು ಹೊತ್ತು ಕೂತರೆ, ಅವರು ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು, ಅತ್ತೆ ಕಂಬದ ಪರವಾಗಿ ಉತ್ತರ ಕೊಡುತ್ತಿದ್ದರು.

"ಆ ಕೌದಿ ಛಲೋ ಐತಿ," ಎಂದರು ಕಂಬಕ್ಕೆ. "ದಪ್ಪ ಐತಿ, ಮೆತ್ತಗೈತಿ, ತಿನ್ನಾಕ ಬರೂದಿಲ್ಲ, ಧೂಳ ಹಾರೂದಿಲ್ಲ. ಮರಿ ಹಾಕೂತನಕ ಹಾಸಿ, ಆಮ್ಯಾಲ ಒಗಕೊಂಡ್ರಾತು. ಕೂಸಿಗೆ ಇನ್ನೊಂದು ಹೊಲದ್ರ ಬರ್ತೈತಿ."

ನನ್ನ ಕೈಯಲ್ಲಿ ಸೂಜಿ ನಿಂತುಬಿಟ್ಟಿತು. ಇನ್ನೊಂದು ಹೊಲಿಯಲು ನನ್ನವ್ವ ಇನ್ನೊಮ್ಮೆ ಸೀರೆ ಉಟ್ಟು ಹರಿದು ಕೊಡಬೇಕಿತ್ತು. ಅದನ್ನು ಹೇಳಲು ಬಾಯಿ ಬರಲಿಲ್ಲ. ಕಂಬಕ್ಕೂ ಬಾಯಿರಲಿಲ್ಲ.

ಅತ್ತೆಯೂ ನನ್ನ ಮೇಲೆ ಅಂಥ ಪ್ರೀತಿ ಸುರಿಸಿದವರಲ್ಲ. ಆದರೂ ಮೊರ ಬಡಿಯುತ್ತ ಹೇಳಿದರು, "ಕೌದಿ ಇನ್ನೂ ಉಂಡಿಲ್ರಿ."

ನಮ್ಮಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿ, ಒಂದು ಚೂರು ಬೆಲ್ಲ ಇಟ್ಟು ಹೊಲಿಯುತ್ತೇವೆ. ಕೌದಿ ಹಸಿದಿರಬಾರದು. ಹಸಿದ ಕೌದಿಯ ಮೇಲೆ ಯಾರೂ ಮಲಗುವುದಿಲ್ಲ, ಮಲಗಿದವರ ಹೊಟ್ಟೆಗೆ ಕೇಡು ಎಂದು ನಂಬಿಕೆ. ಗಬ್ಬದ ಕುದುರೆಯ ಹೊಟ್ಟೆ! ಮಾವ ಒಂದು ಹೆಜ್ಜೆ ಹಿಂದೆ ಸರಿದರು.

"ಯಾವಾಗ ಉಣ್ಣತೈತಿ?"

"ಹೊಲಿಯೂದು ಮುಗಿದ ಮ್ಯಾಲ."

"ಯಾವಾಗ ಮುಗೀತೈತಿ?"

"ಬಸರಿ ಹೆಂಗಸು ಹೊಲಿಯೂದ್ರಿ. ಕುದುರಿ ಓಡಿಸಿದಂಗ ಓಡಸಾಕ ಬರ್ತೈತೇನು?"

ಅಂದಿನಿಂದ ನನ್ನ ಕೈ ಭಾಳ ನಿಧಾನವಾಯಿತು. ಒಂದು ದಿನ ಸೊಂಟ ಹಿಡಿಯಿತು. ಒಂದು ದಿನ ದಾರ ತೀರಿತು. ಒಂದು ದಿನ ಅತ್ತೆ ನನ್ನ ಪಕ್ಕ ಬಂದು ಕೂತು, ಹೆಚ್ಚೂಕಡಿಮೆ ಮುಗಿದೇ ಹೋಗಿದ್ದ ಮೂಲೆಯನ್ನು ಕೈಯಲ್ಲಿ ಸವರಿ ನೋಡಿದರು. ಸಿಕ್ಕಿಬಿದ್ದೆ ಎಂದುಕೊಂಡೆ. ಅವರು ಸೂಜಿ ತೆಗೆದುಕೊಂಡು ತಮ್ಮ ಕುಬಸಕ್ಕೆ ಚುಚ್ಚಿಕೊಂಡರು. "ಸೂಜಿ ಕಳದೈತಿ ಅನ್ನು," ಎಂದು ಎದ್ದುಹೋದರು. ನನ್ನ ಜೀವನದಲ್ಲಿ ಅವರು ಕೊಟ್ಟ ಉಡುಗೊರೆ ಯಾವುದೆಂದು ಕೇಳಿದರೆ ನಾನು ಆ ಕಳೆದ ಸೂಜಿಯನ್ನೇ ಹೇಳುತ್ತೇನೆ.

ಆದರೆ ಮಾವನವರ ತಾಳ್ಮೆಗೂ ಮಿತಿ ಇತ್ತು. ಒಂದು ಸಂಜೆ ಕುದುರೆಯ ಕೆಚ್ಚಲು ತುಂಬಿದ್ದನ್ನು ನೋಡಿ ಬಂದು ಕಂಬಕ್ಕೆ ಹುಕುಂ ಕೊಟ್ಟರು. "ನಾಳಿ ಸೋಮವಾರ, ಛಲೋ ದಿನ. ಮುಂಜಾನಿ ಕೌದಿಗೆ ಉಣಸ್ರಿ, ಮಧ್ಯಾಹ್ನಕ್ಕ ಹಾಸ್ರಿ. ಸೂಜಿ ಇಲ್ಲಂದ್ರ ದಬ್ಬಣ ಕೊಡ್ತೀನಿ."

ಸೋಮವಾರ ಬೆಳಿಗ್ಗೆ ಸ್ನಾನ ಪೂಜೆ ಮುಗಿಸಿ ರೊಟ್ಟಿ ಬಡಿಯಲು ಕೂತೆ. ಕಣ್ಣೀರು ಹಿಟ್ಟಿಗೆ ಬೀಳದಂತೆ ನೋಡಿಕೊಳ್ಳುವುದೇ ಒಂದು ಕೆಲಸವಾಗಿತ್ತು. ಶಿವನೇ, ನಿನ್ನ ವಾರದ ದಿನವೇ ನನ್ನವ್ವನ ಸೀರೆ ಲದ್ದಿಗೆ ಹೋಗಬೇಕೇ ಎಂದು ಕೇಳಿದೆ. ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ.

ಮೊದಲ ರೊಟ್ಟಿ ಹಂಚಿನ ಮೇಲಿತ್ತು. ಕೊಟ್ಟಿಗೆಯಿಂದ ಮಾವನವರ ಕೂಗು. "ಕುದುರಿ ಎಲ್ಲೈತಿ? ಹಗ್ಗ ಹರಕೊಂಡು ಹೋಗೈತಿ! ಸಾವಕಾರ್ರಿಗೆ ಏನ ಹೇಳ್ಲಿ?"

ಎಲ್ಲರೂ ಓಡಿದರು. ರೊಟ್ಟಿ ಕೆಳಗಿಳಿಸಿ ನಾನೂ ಹೊಟ್ಟೆ ಹಿಡಿದುಕೊಂಡು ಹಿಂದೆ ಹೋದೆ. ದೂರ ಹುಡುಕಬೇಕಾಗಲಿಲ್ಲ. ಹಿತ್ತಲಲ್ಲಿ ಹೋದ ವರ್ಷದ ಬಣವೆಯ ತಳ ಉಳಿದಿತ್ತು. ಮಳೆ ಕುಡಿದು ಕರ್ರಗಾದ, ಎತ್ತುಗಳು ಮೂಸಿ ಬಿಟ್ಟ, ನಾನು ನೀರೊಲೆ ಹೊತ್ತಿಸಲು ಹಿರಿದು ತರುತ್ತಿದ್ದ ಹಳೆಯ ದಂಟು. ಅದರ ಮೇಲೆ ಕುದುರೆ ಕಾಲು ಮಡಿಚಿ ಆರಾಮಾಗಿ ಮಲಗಿತ್ತು. ಅದರ ಮುಂದೆ ಒದ್ದೆ ಮೈಯ ಮರಿ. ತಾಯಿ ಅದನ್ನು ನೆಕ್ಕುತ್ತಿತ್ತು. ತಿನ್ನಬಹುದಾದ ಒಂದು ಕಡ್ಡಿಯೂ ಅಲ್ಲಿರಲಿಲ್ಲ, ಮಲಗಲು ಮಾತ್ರ ಸುಖವಾಗಿತ್ತು.

"ಎಂಜಲದಾಗ ಮಲಗ್ಯಾಳಲ್ಲೇ!" ಎಂದರು ಮಾವ, ಬಾಯಿ ತೆರೆದು.

"ಅಕಿಗೆ ಬೇಕಾದ್ದನ್ನ ಅಕಿ ಆರಿಸಿಕೊಂಡಾಳ," ಎಂದರು ಅತ್ತೆ. "ನೀವು ಆರಿಸೂತನಕ ಕಾದಿದ್ರ ಮರಿ ಹೊಟ್ಟ್ಯಾಗನ ಮುದುಕ ಆಗತಿತ್ತು."

ನಮ್ಮವರು ತಿರುಗಿ ನಿಂತು ನಕ್ಕರು. ಮಾವ ನಗಲಿಲ್ಲ, ಆದರೆ ಮರಿ ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಚೆಲ್ಲಿ ಎದ್ದು ನಿಂತದ್ದನ್ನು ನೋಡಿ ಕೈ ಮುಗಿದರು. ಅವರ ಕಣ್ಣೂ ಒದ್ದೆಯಾಗಿತ್ತು. ಕೊಟ್ಟ ಮಾತು ಉಳಿದಿತ್ತು.

ಹಿತ್ತಲಲ್ಲಿ ಕಂಬ ಇರಲಿಲ್ಲವಾದ್ದರಿಂದ ಅವರು ಬಣವೆಗೆ ಹೇಳಿದರು. "ಅಕಿಗೆ ಹೇಳು, ಇನ್ನ ಕೌದಿ ಬ್ಯಾಡ. ಕೂಸಿಗೇ ಇರ್ಲಿ."

ನನ್ನವ್ವನ ಸೀರೆಯನ್ನು ನನ್ನ ಕೂಸಿಗೆ ಅವರು ದಾನ ಕೊಟ್ಟರು. ದೊಡ್ಡ ಮನಸ್ಸು. ಶಿವ ಕೊಡುವುದು ಯಾರ ಕೈಯಿಂದ ಬಂದರೇನು, ಸೆರಗಿನ ಮರೆಯಲ್ಲೇ ಕೈ ಮುಗಿದೆ. ಅತ್ತೆ ತಮ್ಮ ಕುಬಸದಿಂದ ಸೂಜಿ ಕಿತ್ತು, ಯಾರಿಗೂ ಕಾಣದಂತೆ ನನ್ನ ಕೈಗೆ ಕೊಟ್ಟರು.

ಒಳಗೆ ಬಂದು ಆ ಮೊದಲ ರೊಟ್ಟಿಯ ಒಂದು ಚೂರು ಮುರಿದೆ. ಇನ್ನೂ ಬೆಚ್ಚಗಿತ್ತು. ಬೆಲ್ಲದ ಚೂರು ಸೇರಿಸಿ ಕೌದಿಯ ಮೂಲೆಯಲ್ಲಿಟ್ಟು, ಉಣ್ಣು ಎಂದು ಹೇಳಿ ಹೊಲಿದುಬಿಟ್ಟೆ. ಅಷ್ಟರಲ್ಲಿ ನಾದುವ ಕೊಣಮಿಗೆಯಲ್ಲಿದ್ದ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ಎಸರು ನೀರು ಚಿಮುಕಿಸಿ, ಮತ್ತೆ ನಾದಿ, ಉಳಿದ ರೊಟ್ಟಿ ಬಡಿಯಲು ಕೂತೆ.