ಬಿಡ್ತು ಅನ್ನು

ಅಕ್ಕನನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ನಾನು ಕರೆದುಕೊಂಡು ಹೋಗಲಿಲ್ಲ. ಅವಳು ಕೇಳಿದ್ದಳು. ನನ್ನ ಹತ್ತಿರ ಬೈಕಿತ್ತು, ನಾನು ಕೆಲಸ ಮಾಡುವ ಭದ್ರಾವತಿಯ ಲೇತ್ ಅಂಗಡಿಗೆ ವಾರಕ್ಕೊಂದು ರಜೆಯೂ ಇತ್ತು. ಆದರೂ ಹೋಗಲಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ಕಾಯಿದೆ ಗೊತ್ತಿರಲಿಲ್ಲ ಎಂದರೆ ನೀವು ನಂಬಬಹುದು. ಆದರೆ ಕಾರಣ ಅದಲ್ಲ.

ನಮ್ಮ ಮಂದಿಗೆ ಹೆಸರು ಬರೆಸುವ ಚಪಲ ಬಹಳ. ಮದುವೆಗೆ ಕೊಟ್ಟ ಸ್ಟೀಲ್ ಲೋಟದ ಮೇಲೂ ಕೊಟ್ಟವರ ಹೆಸರು ಕೆತ್ತಿಸುತ್ತೇವೆ. ಲೋಟ ಸೊಟ್ಟಗಾದರೂ ಹೆಸರು ನೆಟ್ಟಗಿರುತ್ತದೆ. ನಾವು ಹೋದ ಮೇಲೆ ಮನೆ ಯಾರಿಗೆ ಎಂದು ಬರೆಯುವುದಕ್ಕೆ ಮಾತ್ರ ಕೈ ಏಳುವುದಿಲ್ಲ. ಮೀಸೆ ಬರುವ ಕಾಲಕ್ಕೆ ನಮ್ಮ ಹತ್ತಿರ ಏನಿದೆ ಬರೆಯಲು ಎನ್ನುತ್ತೇವೆ. ಮಕ್ಕಳಾದ ಮೇಲೆ ಪುರುಸೊತ್ತಿಲ್ಲ. ತಲೆ ನೆರೆತ ಮೇಲೆ, ಬರೆದರೆ ಯಮ ಓದಿಬಿಟ್ಟಾನು ಎಂಬ ಭಯ. ನನ್ನ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ನಾಮಿನಿ ಇವತ್ತಿಗೂ ನಮ್ಮಮ್ಮ. ಅವಳು ತೀರಿಕೊಂಡು ಎಷ್ಟೋ ವರ್ಷವಾಯಿತು. ನಾನು ಸತ್ತರೆ ಬ್ಯಾಂಕಿನವರು ಅವಳನ್ನು ಎಲ್ಲಿ ಹುಡುಕುತ್ತಾರೋ.

ಅಕ್ಕ ಶಾರದೆ ಹಾಗಲ್ಲ. ಮದುವೆಯಾಗಲಿಲ್ಲ, ಬ್ಲೌಸು, ಯೂನಿಫಾರ್ಮು ಹೊಲಿದು ಮಲವಗೊಪ್ಪದಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದಳು. ಪಕ್ಕದ ಮನೆಯ ತಮಿಳು ಗಂಡಹೆಂಡತಿ ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಅವರ ಪುಟ್ಟ ಮಗಳು ಸೆಲ್ವಿಯನ್ನು ಒಳಗೆ ಕರೆದು ಅನ್ನ ಹಾಕಿದಳು. ಆಮೇಲೆ ಹೊರಗೆ ಕಳಿಸಲೇ ಇಲ್ಲ. ಸೆಲ್ವಿ ಅವಳನ್ನು ಅಮ್ಮ ಎಂದಳು, ನನ್ನನ್ನು ಮಾಮ ಎಂದಳು. ದತ್ತು, ಪತ್ರ ಯಾವುದೂ ಇಲ್ಲ.

ಒಂದು ಯುಗಾದಿಗೆ ಊಟಕ್ಕೆ ಹೋಗಿದ್ದೆ. ಸೆಲ್ವಿ ನೀರು ತರಲು ಹೊರಗೆ ಹೋದಾಗ ಅಕ್ಕ ತಗ್ಗಿದ ದನಿಯಲ್ಲಿ ಹೇಳಿದಳು:

"ಲೋ ಮಾರಾಯ, ಈ ಮನೇನ ಸೆಲ್ವಿಗೆ ಅಂತ ವಿಲ್ ಬರೆಸ್ಬೇಕು ಕಣೋ. ನಾನು ಹೋದ್ಮೇಲೆ ಅವ್ಳು ಎಲ್ಲಿಗೆ ಹೋಗ್ತಾಳೆ? ಒಂದಿನ ಆಫೀಸಿಗೆ ಕರ್ಕೊಂಡು ಹೋಗು."

"ಹಬ್ಬದ ದಿನ ಎಂಥಾ ಮಾತಕ್ಕ! ಮೊದ್ಲು ಬಿಡ್ತು ಅನ್ನು."

"ಬಿಡ್ತು ಅಂದ್ರೆ ಸಾವು ಬಿಡುತ್ತೇನೋ ದಡ್ಡ?" ಎಂದು ನಕ್ಕಳು. ನಾನು ನಗಲಿಲ್ಲ. ನನ್ನ ಮುಖ ನೋಡಿ, ಹೋಳಿಗೆಗೆ ತುಪ್ಪ ಹಾಕುತ್ತಾ, "ಬಿಡ್ತು. ಆಯ್ತಾ? ಉಣ್ಣು" ಎಂದಳು.

ಕೆಟ್ಟ ಮಾತು ಬಾಯಿಗೆ ಬಂದರೆ ಬಿಡ್ತು ಎಂದು ಒರೆಸಿ ಹಾಕುವುದು ನಮ್ಮ ರೂಢಿ. ನಾನು ಒರೆಸಿ ಹಾಕಿದ್ದು ಒಬ್ಬಳ ಸೂರನ್ನು. ಅಕ್ಕ ಸಾಯುತ್ತಾಳೆ ಎಂಬ ಯೋಚನೆ ತಡೆಯಲಾರದೆ ಹಾಗೆಂದೆ, ನಿಜ. ಮನೆ ನಮ್ಮ ಕಡೆಗೇ ಉಳಿಯಲಿ ಎಂಬ ಆಸೆ ಮನಸ್ಸಿನ ಮೂಲೆಯಲ್ಲಿ ಇರಲೇ ಇಲ್ಲವೇ? ಆಣೆ ಮಾಡಲಾರೆ.

ಅಕ್ಕ ಮತ್ತೆ ಆ ಮಾತು ಎತ್ತಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಹೊಲಿಗೆ ಮಿಷನ್ನಿನ ಮೇಲೆ ತಲೆಯಿಟ್ಟವಳು ಏಳಲಿಲ್ಲ.

ವಕೀಲರ ಹತ್ತಿರ ಹೋದಾಗ ತಿಳಿಯಿತು: ಸಾಕಿದ ಮಗಳಿಗೆ ಏನೂ ಇಲ್ಲ, ಮನೆ ನನಗೂ ಅಣ್ಣನಿಗೂ. ಜೊತೆಗೆ ಇನ್ನೊಂದು ಮಾತು ಹೇಳಿದರು: ವಿಲ್ಲಿಗೆ ಆಫೀಸಿಗೇ ಹೋಗಬೇಕೆಂದಿಲ್ಲ, ಬಿಳಿ ಹಾಳೆಯ ಮೇಲೆ ಬರೆದು ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿದ್ದರೂ ನಡೆಯುತ್ತಿತ್ತು. ಅಂದರೆ ಹೋಳಿಗೆ ಉಂಡು ಕೈ ತೊಳೆದು, ಅಕ್ಕಪಕ್ಕದವರಿಬ್ಬರನ್ನು ಕೂಗಿದ್ದರೆ ಸಾಕಿತ್ತು.

ಅಣ್ಣನಿಗೆ ಶಿವಮೊಗ್ಗದಲ್ಲಿ ಪೇಂಟ್ ಅಂಗಡಿ. ಹೋಗಿ ಬೇಡಿಕೊಂಡೆ.

"ಅಕ್ಕ ಎಲ್ಲಿ ಬರ್ದಿದ್ದಾಳೆ, ತೋರ್ಸು."

"ಬಾಯಲ್ಲಿ ಹೇಳಿದ್ಲು ಅಣ್ಣ."

"ಬಾಯಲ್ಲಿ ನಾನೂ ಇಡೀ ಶಿವಮೊಗ್ಗ ನಂದೇ ಅಂತೀನಿ, ಬಿಟ್ಕೊಡ್ತಾರಾ? ನಿನ್ ಪಾಲು ಬೇಕಾದ್ರೆ ದಾನ ಮಾಡು. ನಂದು ಕೇಳ್ಬೇಡ."

ಅವನ ಮೇಲೆ ಸಿಟ್ಟು ಬರಲಿಲ್ಲ. ತೋರಿಸಲು ಏನೂ ಇಲ್ಲದಂತೆ ಮಾಡಿದವನು ನಾನು ತಾನೇ. ನನ್ನ ಪಾಲನ್ನು ಸೆಲ್ವಿಗೆ ಕೊಟ್ಟು ದಾನಪತ್ರ ಬರೆಸಿದೆ. ಅಣ್ಣ ತನ್ನ ಪಾಲಿನ ಮುಂದಿನ ಕೋಣೆಗೆ ಬೀಗ ಹಾಕಿದ. ಒಲೆ, ಮಿಷನ್ನು, ಹಾಸಿಗೆ ಎಲ್ಲ ಹಿಂದಿನ ಕೋಣೆಗೆ ಬಂದವು.

ಪತ್ರ ಕೊಡಲು ಹಿತ್ತಲ ಬಾಗಿಲಿನಿಂದ ಹೋದೆ. ಸೆಲ್ವಿ ಕಾಫಿ ಕೊಟ್ಟಳು. ಪತ್ರವನ್ನು ಬಿಚ್ಚಲಿಲ್ಲ.

"ನೀವು ದೊಡ್ಡ ಮನಸ್ಸು ಮಾಡಿದ್ರಿ ಮಾಮ," ಎಂದಳು. "ಮನೆ ಅರ್ಧ ಆಗಿದ್ದಕ್ಕೆ ನಂಗೆ ಬೇಜಾರಿಲ್ಲ. ಅಮ್ಮಂಗೆ ನನ್ ನೆನಪೇ ಬರ್ಲಿಲ್ವಲ್ಲ, ಅದೇ. ಎಷ್ಟಾದ್ರೂ ನಾನು ಹೊರಗಿನೋಳು ಅಲ್ವಾ?"

ಮನೆ ಹೋಯಿತು ಎಂದಷ್ಟೇ ನಾನು ತಿಳಿದಿದ್ದೆ. ಅವಳ ಪಾಲಿಗೆ ಅಮ್ಮನೇ ಹೋಗಿದ್ದಳು. ದೊಡ್ಡ ಮನಸ್ಸಿನವನು ಎನಿಸಿಕೊಂಡು, ಕಾಫಿ ಕುಡಿದು ಎದ್ದು ಬರಬಹುದಿತ್ತು. ಲೋಟ ಕೆಳಗಿಟ್ಟೆ.

"ನೆನಪು ಬಂದಿತ್ತು ಸೆಲ್ವಿ. ಇಡೀ ಮನೆ ನಿಂಗೇ ಅಂತ ಬರೆಸ್ಬೇಕು, ಕರ್ಕೊಂಡು ಹೋಗು ಅಂತ ನನ್ನನ್ನೇ ಕೇಳಿದ್ಲು. ನಾನೇ ಅವಳ ಬಾಯಿ ಮುಚ್ಚಿಸ್ದೆ. ತಪ್ಪು ನಿಮ್ಮಮ್ಮಂದಲ್ಲ, ನಂದು. ನನ್ನ ಕ್ಷಮಿಸು ತಾಯಿ."