ಕಂಪ್ಯೂಟರಿನ ಹೊಟ್ಟೆಯೊಳಗೊಂದು ಕಂಪ್ಯೂಟರು

ಆ ಬೀದಿಯವರಿಗೆಲ್ಲ ಅವಳು ದಾರದಕ್ಕ. ಶಾಲೆಯ ಅಂಗಿಯಿರಲಿ, ಹೋಟೆಲಿನ ಟವಲಿರಲಿ, ಮೇಲೊಂದು ಕಸೂತಿಯ ಲಾಂಛನ ಬೇಕೆಂದರೆ ಅವಳ ಅಂಗಡಿಗೇ ಬರಬೇಕು. ಹೊಲಿಯುವುದು ಯಂತ್ರ, ಸೂಜಿ ಎಲ್ಲೆಲ್ಲಿ ಚುಚ್ಚಬೇಕೆಂದು ಅದಕ್ಕೆ ಹೇಳಿಕೊಡುವುದು ಕಂಪ್ಯೂಟರು. ಆ ಕಂಪ್ಯೂಟರು ಒಂದು ಬೆಳಗ್ಗೆ ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿತು. ಹೊಸದು ತಂದಳು. ಹೊಸದಕ್ಕೋ ಹಳೆಯ ಕಸೂತಿ ಪ್ರೋಗ್ರಾಮನ್ನು ಕಂಡರಾಗದು. ಎಷ್ಟು ಸಲ ಹಾಕಿದರೂ ಇಲ್ಲಿ ನಡೆಯುವುದಿಲ್ಲವೆಂದು ಮುಖಕ್ಕೆ ಹೊಡೆದಂತೆ ಹೇಳಿತು. ಅತ್ತ ಈಜು ಸಂಘದವರು ತಮ್ಮ ಲಾಂಛನದ ಹಂಸಕ್ಕಾಗಿ ಅವಸರ ಮಾಡುತ್ತಿದ್ದರು.

ಆಸ್ಪತ್ರೆಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ತಂಗಿಗೆ ಫೋನು ಮಾಡಿದಳು.

"ವರ್ಚುವಲ್ ಮೆಷಿನ್ ಮಾಡ್ಕೋ ಅಕ್ಕ. ಕಂಪ್ಯೂಟರೊಳಗೇ ಇನ್ನೊಂದು ಕಂಪ್ಯೂಟರು. ನಿಜವಾದದ್ದಲ್ಲ, ಆದ್ರೆ ತಾನು ನಿಜ ಅಂತಲೇ ಅಂದ್ಕೊಂಡಿರತ್ತೆ. ಹಳೇ ಆಪರೇಟಿಂಗ್ ಸಿಸ್ಟಮ್ ಅದರೊಳಗೆ ಹಾಕು. ಅದರ ಫೈಲು ಕಳಿಸ್ತೀನಿ."

ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದ ಅತ್ತೆ ತಲೆಯೆತ್ತಿದರು. "ಇಲ್ಲದ ಕಂಪ್ಯೂಟರಲ್ಲಿ ಹುಟ್ಟಿದ ಹಂಸ ಈಜತ್ತೇನಮ್ಮ?"

ಫೈಲು ಬಂದೊಡನೆ ಸೊಸೆ ಕೆಲಸಕ್ಕೆ ಕುಳಿತಳು. ಒಳಗಿನದಕ್ಕೆ ಎಷ್ಟು ಮೆಮೊರಿ ಕೊಡಲಿ ಎಂಬುದು ಮೊದಲ ಪ್ರಶ್ನೆ. ದಾರದಕ್ಕನದು ಧಾರಾಳದ ಕೈ. ಪರದೆಯ ಮೇಲಿನ ಅಳತೆಯ ಗೆರೆಯನ್ನು ಕೊನೆಯವರೆಗೂ ಎಳೆದಳು. ಹೊಸ ಕಂಪ್ಯೂಟರು ಉಸಿರುಗಟ್ಟಿ ನಿಂತಿತು.

"ಬಂದೋರಿಗೇ ಎಲ್ಲಾ ಬಡಿಸಿಬಿಟ್ರೆ ಮನೆಯೋರು ಏನು ತಿನ್ಬೇಕು?" ತಂಗಿ ಫೋನಿನಲ್ಲೇ ರೇಗಿದಳು. "ಕಾಲುಭಾಗ ಸಾಕು. ಈಗ ನಂಗೆ ಮೀಟಿಂಗಿದೆ, ಇಡ್ತೀನಿ."

ಕಾಲುಭಾಗ ಕೊಟ್ಟಮೇಲೆ ಪುಟ್ಟ ಕಿಟಕಿಯೊಂದು ತೆರೆದು ನೀಲಿಯಾಯಿತು. ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಕೇಳಿತು. ಮಗಳ ಮದುವೆಯ ಫೋಟೋಗಳನ್ನೆಲ್ಲ ದಾರದಕ್ಕ ಫೋನಿನಿಂದ ತೆಗೆದು ಆಗಲೇ ಈ ಹೊಸ ಕಂಪ್ಯೂಟರಿಗೆ ಹಾಕಿದ್ದಳು. ತಂಗಿಯ ಫೋನು ಬಂದ್. ಎದ್ದು ನೀರು ಕುಡಿದಳು. ಆಗಲೇ ಎಣ್ಣೆ ಬಿಟ್ಟಿದ್ದ ಯಂತ್ರಕ್ಕೆ ಇನ್ನೊಮ್ಮೆ ಎಣ್ಣೆ ಬಿಟ್ಟಳು.

"ಏನಂತೆ ಅದು?" ಅತ್ತೆ ಕೇಳಿದರು.

"ಎಲ್ಲಾ ಅಳಿಸ್ತೀನಿ ಅಂತಿದೆ ಅತ್ತೆ."

"ಯಾರದ್ದು?"

"ಅದೇ ಗೊತ್ತಾಗ್ತಿಲ್ಲ."

"ಹೊರಗೆ ಒಂದು ಕಂಪ್ಯೂಟರಿದೆ ಅನ್ನೋದೇ ಪಾಪ ಅದಕ್ಕೆ ಗೊತ್ತಿಲ್ಲ. ನಮ್ಮದನ್ನ ಹೇಗೆ ಅಳಿಸತ್ತೆ? ತನ್ನದನ್ನ ತಾನೇ ಅಳಿಸ್ಕೊಳ್ಳಲಿ," ಎಂದವರೇ, ಸೊಸೆ ಬೇಡವೆನ್ನುವಷ್ಟರಲ್ಲಿ ಎಂಟರ್ ಒತ್ತಿಬಿಟ್ಟರು.

ದಾರದಕ್ಕ ಫೋಟೋಗಳಿಗಾಗಿ ಕೈಯಾಡಿಸಹೋದರೆ ಮೌಸಿನ ಬಾಣ ಆ ಕಿಟಕಿಯೊಳಗೆ ಸಿಕ್ಕಿಕೊಂಡು, ಜಪ್ಪಯ್ಯ ಅಂದರೂ ಹೊರಗೆ ಬರಲೊಲ್ಲದು. ಎಳೆದೆಳೆದು ಮೌಸೇ ಮೇಜಿನಿಂದ ಕೆಳಗೆ ಬಿತ್ತು. ಬಲಗಡೆಯ ಕಂಟ್ರೋಲ್ ಒತ್ತಿದರೆ ಬಿಡುಗಡೆಯೆಂದು ಕಿಟಕಿಯ ಮೂಲೆಯಲ್ಲಿ ಇರುವೆಗಾತ್ರದ ಅಕ್ಷರದಲ್ಲಿ ಬರೆದಿತ್ತು. ಒತ್ತಿದಳು, ಬಾಣ ಹೊರಬಂತು. ಮಗಳು, ಅಳಿಯ, ಹಾರ ಎಲ್ಲ ಇದ್ದಲ್ಲೇ ಇದ್ದವು.

ಇನ್ನೇನು ಮುಗಿಯಿತು ಎನ್ನುವಾಗ ಕಿಟಕಿ ಕಪ್ಪಾಗಿ, ಮತ್ತೆ ನೀಲಿಯಾಗಿ, ಅದೇ ಪ್ರಶ್ನೆ ಕೇಳಿತು. ಇದರ ಪದ್ಧತಿಯೇ ಹೀಗಿರಬೇಕೆಂದು ದಾರದಕ್ಕ ಮೊದಲಿನಿಂದ ಎಲ್ಲವನ್ನೂ ಮಾಡಿದಳು. ಅದು ಮತ್ತೂ ನೀಲಿಯಾದಾಗ ಅನುಮಾನ ಬಂತು. ಅಷ್ಟರಲ್ಲಿ ತಂಗಿಯೇ ಫೋನು ಮಾಡಿದಳು.

"ಸೀಡಿ ತೆಗೆದ್ಯಾ?"

"ಯಾವ ಸೀಡಿ? ನೀನು ಕಳಿಸಿದ್ದು ಫೈಲು."

"ಅದನ್ನೇ ಅದು ಸೀಡಿ ಅಂದ್ಕೊಂಡಿದೆ. ಮೆನುವಿಗೆ ಹೋಗಿ ತೆಗಿ. ಎದುರಿಗೇ ಸೀಡಿ ಇದ್ರೆ ಅದು ಪ್ರತಿ ಸಲವೂ ಹೊಸದಾಗಿ ಶುರು ಮಾಡತ್ತೆ."

ತೆಗೆದಳು. ಕಿಟಕಿ ಬೆಳಗಿತು, ಪರಿಚಿತ ರಾಗವೊಂದು ಮೊಳಗಿತು, ಹಳೆಯ ಪರದೆ ಅಂಗೈಯಗಲದಲ್ಲಿ ಹಾಗೇ ಅರಳಿತು. ದಾರದಕ್ಕನಿಗೆ ತವರಿನವರು ಬಾಗಿಲಿಗೆ ಬಂದಷ್ಟು ಹಿಗ್ಗು. ಕಸೂತಿ ಪ್ರೋಗ್ರಾಮು ಗೊಣಗದೆ ತೆರೆದುಕೊಂಡಿತು. ಸಂಜೆಯೊಳಗೆ ಮೊದಲ ಹಂಸ ಬಟ್ಟೆಯ ಮೇಲೆ ಮೂಡಿತು. ಅತ್ತೆ ಅದರ ಕುತ್ತಿಗೆಯ ಮೇಲೆ ಬೆರಳಾಡಿಸಿ, "ದಾರ ಬಿಗಿಯಾಗಿದೆ," ಎಂದರು.

ತೊಂದರೆ ಶುರುವಾದದ್ದು ಮರುದಿನ. ಆ ಹಳೆಯ ಸಿಸ್ಟಮಿನ ಜೊತೆಗೆ ಇಸ್ಪೀಟಾಟವೂ ಬಂದಿತ್ತು. ದಾರದಕ್ಕ ಅಂಗಡಿಗೆ ಬಂದಾಗ ಅತ್ತೆ ಅವಳ ಕುರ್ಚಿಯಲ್ಲಿ ಕುಳಿತು, ಆ ಪುಟ್ಟ ಕಿಟಕಿಯೊಳಗೆ ಕೆಂಪು ರಾಣಿಯನ್ನು ಕಪ್ಪು ರಾಜನ ಮೇಲೆ ಎಳೆಯುತ್ತಿದ್ದರು.

"ಏಳಿ ಅತ್ತೆ, ಕೆಲಸ ಇದೆ."

"ಹೊರಗಡೆಯ ಕಂಪ್ಯೂಟರಲ್ಲಿ ಮಾಡ್ಕೋ ಹೋಗು," ಎಂದರು ಅತ್ತೆ, ತಿರುಗಿಯೂ ನೋಡದೆ.